ಬೀಗತಿಯ ಮನೆಯಲ್ಲಿ ಬಿಚ್ಚಿದ ದನಿ

ಗಡಹಿಂಗ್ಲಜ
೧೨ ಜೂನ್ ೧೯೩೭

ಇಚಲಕರಂಜಿಯ ಬೀಗತಿ ಸೌ. ಹೀರಾಬಾಯಿಯವರಿಗೆ ಸೋನಾಬಾಯಿಯ ಜಯಜಿನೇಂದ್ರ.

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ಮಿರಗದ ಮಳೆ ಹನಿಯುತ್ತಿದೆ, ಮನೆಯವರಿಗೆ ಮೊಣಕಾಲು ನೋವು. ಕ್ಷೇಮಸಮಾಚಾರ ಇಷ್ಟು ಸಾಕು. ವಿಷಯಕ್ಕೆ ಬರದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆದೀತು.

ನಿನ್ನೆ ಬೆಲ್ಲದ ಅಡತಿ ವ್ಯಾಪಾರಿ ಆಬಾಸಾಹೇಬರು ನಿಮ್ಮೂರಿನಿಂದ ಬಂದರು. ಕಟ್ಟೆಯ ಮೇಲೆ ಕುಳಿತು ಇನ್ನೂ ನೀರು ಕುಡಿದಿರಲಿಲ್ಲ, “ಸೋನಕ್ಕಾ, ನಿಮ್ಮ ರತ್ನಮಾಲಾ ಏನ್ ಹಾಡತಾಳರೀ! ಇಡೀ ಓಣಿ ಅದನ್ನ ಮಾತಾಡಾಕತ್ತೈತಿ” ಅಂದರು. ನಾನು ನಕ್ಕುಬಿಟ್ಟೆ. “ಯಾರೋ ಬ್ಯಾರೆ ರತ್ನಮಾಲಾ ಇರಬೇಕ್ರಿ” ಅಂದೆ. ಅವರು ಬಿಡಲಿಲ್ಲ. “ಜಿನದತ್ತನ ಹೇಂತಿ, ಹೀರಾಬಾಯಾರ ಸೊಸಿ. ಮತ್ತ ಯಾರ ಇರತಾರ?” ಅಂದರು.

ಬೀಗತಿ, ನನ್ನ ಮಗಳಿಗೆ ಹಾಡಲು ಬರುವುದಿಲ್ಲ. ಹೆತ್ತವಳಾಗಿ ಹೇಳುತ್ತಿದ್ದೇನೆ. ನಮ್ಮ ಬಸದಿಯಲ್ಲಿ ಅಭಿಷೇಕದ ಹಾಡು ಹೇಳುವವಳು ನಾನು. ಈ ಊರಿನ ಯಾವ ಲಗ್ನದ ಸೋಬಾನೆಯೂ ನಾನು ಎತ್ತಿಕೊಡದೆ ಮೇಲೇಳುವುದಿಲ್ಲ. ರತ್ನಾ ಚಿಕ್ಕಂದಿನಿಂದ ನನ್ನ ಮಗ್ಗುಲಲ್ಲೇ ಕುಳಿತವಳು. ಅವಳದು ಇಲಿಯ ದನಿ. ಬಾಯಿ ತೆರೆದರೆ ನನ್ನ ಹಾಡೂ ಕೆಡುತ್ತದೆ ಎಂದು, “ನೀ ಚಪ್ಪಾಳಿ ಅಷ್ಟ ಹೊಡಿಯವ್ವ” ಎಂದು ಕೂಡಿಸುತ್ತಿದ್ದೆ. ಚಪ್ಪಾಳೆ ಮಾತ್ರ ಚೆನ್ನಾಗಿ ಹೊಡೆಯುತ್ತಾಳೆ, ಅದಕ್ಕೆ ಹೆಸರಿಡುವಂತಿಲ್ಲ.

ನಿಮ್ಮ ಮನೆಯ ಕಾರ್ಯಕ್ಕೆ ಹಾಡು ಬೇಕಿದ್ದರೆ ಹೇಳಿಕಳಿಸಿ, ನಾನೇ ಬರುತ್ತೇನೆ. ಹುಡುಗಿಯನ್ನು ನಾಲ್ಕು ಮಂದಿಯ ಮುಂದೆ ಕೂಡಿಸಿ ನಗೆಗೀಡು ಮಾಡಬೇಡಿ. ನಗುವವರು ನಗುವುದು ತವರನ್ನು ನೋಡಿ.

ನಿಮ್ಮ ಬೀಗತಿ
ಸೋನಾಬಾಯಿ


ಇಚಲಕರಂಜಿ
೨೩ ಜೂನ್ ೧೯೩೭

ಗಡಹಿಂಗ್ಲಜದ ಹಾಡುಗಾರ್ತಿ ಬೀಗತಿಗೆ ಹೀರಾಬಾಯಿಯ ಜಯಜಿನೇಂದ್ರ.

ಆಬಾಸಾಹೇಬರು ಹೇಳಿದ್ದು ನಮ್ಮ ರತ್ನಾಳ ಮಾತನ್ನೇ. ಸಿಟ್ಟಾಗಬೇಡಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಮನೆಯ ಹಿಂದೆ ಬಟ್ಟೆ ನೇಯುವ ಮಾಗದ ಕಾರಖಾನೆ ಇದೆಯಲ್ಲ, ನೀವು ಲಗ್ನಕ್ಕೆ ಬಂದಾಗ “ಅಯ್ಯಯ್ಯ, ಈ ಗದ್ದಲದಾಗ ಹೆಂಗ ಇರತೀರಿ” ಎಂದು ಕಿವಿ ಮುಚ್ಚಿಕೊಂಡಿರಿ. ಅಲ್ಲೇ ಮೂಲೆಯಲ್ಲಿ ಕುಳಿತು ರತ್ನಾ ಮಧ್ಯಾಹ್ನ ಕಂಡಿಕೆಗೆ ನೂಲು ಸುತ್ತುತ್ತಾಳೆ. ಸುತ್ತುವಾಗ ಅವಳ ತುಟಿ ಆಡುತ್ತಿತ್ತು. ಜಪ ಮಾಡುತ್ತಾಳೆ ಎಂದುಕೊಂಡು, ಎಂಥ ಧರ್ಮದ ಸೊಸೆ ಸಿಕ್ಕಳು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಇಂಜಿನ್ನಿನ ಪಟ್ಟಾ ಪಟ್ಟನೆ ಹರಿಯಿತು. ಎಲ್ಲ ಮಾಗಗಳೂ ಒಮ್ಮೆಲೇ ನಿಂತವು. ಗದ್ದಲ ನಿಂತ ಮೇಲೆ ಒಂದು ದನಿ ಉಳಿಯಿತು. ಬಾಯಿ ತುಂಬ, ಎದೆ ತುಂಬ ಹಾಡುವ ದನಿ. ರತ್ನಾ ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಮಾಗ ನಿಂತದ್ದು ಅವಳಿಗೆ ಗೊತ್ತಾಗಲು ಒಂದು ಸಾಲು ಬೇಕಾಯಿತು. ಗೊತ್ತಾದದ್ದೇ ತಡ, ಅರ್ಧ ಸಾಲು ನುಂಗಿ ಎದ್ದು ಓಡಿದಳು. ಅಡಿಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತಳು. ನಮ್ಮ ನೇಕಾರ ಜೋತಿಬಾ ಬಂದು, “ಅವ್ವಾರ, ಪಟ್ಟಾ ನಾಳೆ ಹೊಲಿಯೂಣಂತ, ಮೊದಲ ವೈನ್ಯಾರ್ನ ಕರೀರಿ, ಆ ಹಾಡ ಮುಗಸಲಿ” ಅಂದ.

ಬೀಗತಿ, ಇಷ್ಟು ದಿನ ಹುಡುಗಿ ಗದ್ದಲದ ಮರೆಯಲ್ಲಿ ಹಾಡುತ್ತಿದ್ದಳು. ಯಾರ ಕಿವಿಗೂ ಬೀಳುವುದಿಲ್ಲ ಎಂಬ ಧೈರ್ಯದಿಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಿಮ್ಮ ಹಿತ್ತಲದ್ದು ನಮಗೆ ಮದ್ದಾಯಿತು. ಕೊಲ್ಹಾಪುರದಲ್ಲಿ ನನ್ನ ತಂಗಿಯ ಮನೆಯ ಹತ್ತಿರ ಮುಕ್ತಾಬಾಯಿ ಎಂಬವರು ಹೆಣ್ಣುಮಕ್ಕಳಿಗೆ ಗಾಯನ ಕಲಿಸುತ್ತಾರೆ. ತಿಂಗಳಿಗೆ ಕೆಲವು ದಿನ ರತ್ನಾಳನ್ನು ಅಲ್ಲಿ ಇರಿಸುತ್ತೇನೆ. ಜಿನದತ್ತನೂ ಹೂಂ ಅಂದಿದ್ದಾನೆ.

ಹೀರಾಬಾಯಿ


ಗಡಹಿಂಗ್ಲಜ
೪ ಜುಲೈ ೧೯೩೭

ಚಿ. ಸೌ. ರತ್ನಾಳಿಗೆ ಅವ್ವನ ಆಶೀರ್ವಾದ.

ನಿನ್ನ ಅತ್ತೆಯ ಪತ್ರ ಓದಿದೆ. ಓದಿ ಮೂರು ಹೊತ್ತು ಅನ್ನ ಸೇರಲಿಲ್ಲ.

ಯಾಕೆ ರತ್ನಾ, ನಮ್ಮ ಮನೆಯಲ್ಲಿ ಮಾಗ ಇರಲಿಲ್ಲ ಅಂತ ಹಾಡಲಿಲ್ಲವೇ? ಜೋತಿಬಾನಿಗೆ ಕೇಳಿಸಿದ್ದು ಹೆತ್ತವಳಿಗೆ ಕೇಳಿಸಬಾರದೇ? ನಿನಗೆ ಬರುವ ಹಾಡೆಲ್ಲ ನನ್ನವು. ತೊಟ್ಟಿಲಲ್ಲಿ ನಿನ್ನ ಕಿವಿಗೆ ಹಾಕಿದವಳು ನಾನು. ಇವತ್ತು ಕೊಲ್ಹಾಪುರದ ಯಾವಳೋ ಬಾಯಿ ಕಲಿಸಿದಳು, ಇಚಲಕರಂಜಿಯ ಅತ್ತೆ ಬೆಳೆಸಿದಳು ಎಂದು ಹೆಸರಾಗುತ್ತದೆ. ಬಿತ್ತಿದವರು ನಾವು, ರಾಶಿ ಬೀಗರದು!

ನಿನ್ನ ಅಪ್ಪನಿಗೆ ಹೇಳಿದರೆ, “ಹಾಡಲಿ ಬಿಡ, ನಿನಗ್ಯಾಕ ಉರೀತೈತಿ” ಅಂದರು. ಉರಿಯುತ್ತದೆ. ಯಾಕೆ ಉರಿಯಬಾರದು? ಪೂಜೆಯ ಉಪಾಧ್ಯೆ ಅಜ್ಜ ನನಗೆ ಬಸದಿಯ ಕಟ್ಟೆಯಲ್ಲಿ ಅಕ್ಷರ ಕಲಿಸಿದ, ಹಾಡು ಕಲಿಸಿದ. ನನ್ನನ್ನು ಯಾರೂ ಕೊಲ್ಹಾಪುರಕ್ಕೆ ಕಳಿಸಲಿಲ್ಲ. ನನ್ನ ಅತ್ತೆ ನನ್ನ ಹಾಡು ಕೇಳಿದರೆ, “ಸಾಕ ಮಾಡ, ಹಾಲ ಉಕ್ಕತೈತಿ” ಅನ್ನುತ್ತಿದ್ದಳು.

ಒಂದೇ ಪ್ರಶ್ನೆ. ಇಷ್ಟು ವರ್ಷ ನನ್ನ ಮಗ್ಗುಲಲ್ಲಿ ಕುಳಿತು ಯಾಕೆ ಬಾಯಿ ಬಿಡಲಿಲ್ಲ? ಉತ್ತರ ಬರೆ.

ಅವ್ವ


ಕೊಲ್ಹಾಪುರ
೧೯ ಆಗಸ್ಟ್ ೧೯೩೭

ತೀರ್ಥರೂಪ ಅವ್ವನಿಗೆ ರತ್ನಮಾಲಾಳ ನಮಸ್ಕಾರಗಳು.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಹೋಗಿ ಎರಡು ಕಾರ್ಡು ಹಾಳು ಮಾಡಿದೆ. ಅದನ್ನು ಬಿಟ್ಟು ಇಲ್ಲಿಯದನ್ನು ಬರೆಯುತ್ತೇನೆ.

ಮುಕ್ತಾಬಾಯಿ ಬೆಳಿಗ್ಗೆ ಎದ್ದ ಕೂಡಲೇ ತಂಬೂರಿಯನ್ನು ಮುಂದಿಡುತ್ತಾರೆ. ಬರೀ ‘ಸಾ’. ಅದೊಂದೇ ಸ್ವರ, ಉಸಿರು ಮುಗಿಯುವ ತನಕ. ಹಾಡು ಯಾವಾಗ ಕಲಿಸುತ್ತೀರಿ ಅಂದರೆ ನಗುತ್ತಾರೆ. “ಘಾಬರೂ ನಕೋಸ, ತೋಂಡ ಉಘಡ” ಅನ್ನುತ್ತಾರೆ. ಅಂಜಬೇಡ, ಬಾಯಿ ತೆರೆ ಎಂದು ದಿನಾ ಅದೇ ಮಾತು. ನನ್ನ ಬಾಯಲ್ಲಿ ಎರಡು ಬೆರಳು ಹಿಡಿಯುವಷ್ಟು ಜಾಗ ಆಗಲು ತಿಂಗಳು ಹಿಡಿಯಿತು. ಹೊಟ್ಟೆಯ ಮೇಲೆ ಕೈ ಇಟ್ಟು, ಉಸಿರು ಎಲ್ಲಿಂದ ಏಳುತ್ತದೆ ನೋಡು ಅನ್ನುತ್ತಾರೆ. ಮೊನ್ನೆ ಒಮ್ಮೆ ನನ್ನ ‘ಸಾ’ ತಂಬೂರಿಯೊಳಗೆ ಹೋಗಿ ಕೂತುಬಿಟ್ಟಿತು. ಯಾವುದು ತಂತಿ, ಯಾವುದು ನಾನು ಗೊತ್ತಾಗಲಿಲ್ಲ. ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನಿಸಿ ಹಿಂದೆ ತಿರುಗಿ ನೋಡಿದೆ.

ಆ ದಿನ ಅವರು ಒಂದು ಮಾತು ಕೇಳಿದರು. “ನೀನು ನಿನ್ನ ದನಿಯಲ್ಲಿ ಹಾಡುವುದಿಲ್ಲ. ಯಾರದೋ ದೊಡ್ಡ ದನಿಯನ್ನು ಮುಟ್ಟಲು ಹೋಗುತ್ತೀ, ಮುಟ್ಟಲಾರೆ ಎಂದು ನಡುವೆಯೇ ಬಿಡುತ್ತೀ. ಅದು ಯಾರ ದನಿ?” ಎಂದು.

ನಾನು ತಂಬೂರಿಯನ್ನು ಮತ್ತೆ ಮೀಟತೊಡಗಿದೆ.

ಅಪ್ಪಾ ಅವರ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು.

ನಿನ್ನ ಮಗಳು
ರತ್ನಮಾಲಾ


ಇಚಲಕರಂಜಿ
೯ ನವೆಂಬರ್ ೧೯೩೭

ಬೀಗತಿಗೆ ಜಯಜಿನೇಂದ್ರ.

ನೀವು ಪತ್ರ ಬರೆಯದೆ ಎಷ್ಟು ದಿನವಾಯಿತು! ಸಿಟ್ಟು ಒಣಗಿತೋ ಇನ್ನೂ ಹಸಿ ಇದೆಯೋ? ಎರಡು ಸುದ್ದಿ ಇವೆ. ಮೊದಲನೆಯದು ಕೇಳಿದರೆ ಹಸಿ ಇದ್ದರೂ ಒಣಗೀತು. ರತ್ನಾ ಗರ್ಭಿಣಿ. ಐದು ತಿಂಗಳು ತುಂಬಿದವು. ಮೊದಲೇ ತಿಳಿಸೋಣ ಎಂದರೆ ಅವಳೇ, ಗಟ್ಟಿಯಾಗಲಿ ಅಂದಳು.

ಇನ್ನೊಂದು ಹಾಡಿನ ಸುದ್ದಿ. ಕೊಲ್ಹಾಪುರದಲ್ಲಿ ಮುಕ್ತಾಬಾಯಿಯ ಮುಂದೆ ಹಾಡುತ್ತಿದ್ದಳು, ಮನೆಗೆ ಬಂದರೆ ಮತ್ತೆ ಬಾಯಿಗೆ ಬೀಗ. ಅದಕ್ಕೆ ನಿಮ್ಮ ಅಳಿಯ ಒಂದು ಯುಕ್ತಿ ಹೂಡಿದ. ಎಲ್ಲ ಮಾಗ ನಡೆಯುವಾಗ ಅವಳನ್ನು ಅದೇ ಮೂಲೆಯಲ್ಲಿ ಕೂಡಿಸಿದ. ಅವಳು ಹಾಡು ಹಿಡಿದ ಮೇಲೆ ಸದ್ದಿಲ್ಲದೆ ಹೋಗಿ ಒಂದು ಮಾಗವನ್ನು ನಿಲ್ಲಿಸಿದ. ಅವಳಿಗೆ ಗೊತ್ತಾಗಲಿಲ್ಲ. ಕೆಲವು ದಿನ ಬಿಟ್ಟು ಎರಡು ನಿಲ್ಲಿಸಿದ. ನಮ್ಮ ನೇಕಾರರಲ್ಲಿ ಮಲ್ಲಾರಿ ಎಂಬವನೊಬ್ಬ ಸಿಡುಕ, “ಕೆಲಸ ಬಿಟ್ಟ ಇದೇನ ಆಟರೀ ಧಣ್ಯಾರ?” ಎಂದು ಗೊಣಗಿದ. ಆಮೇಲೆ ಅವನೇ ಬಂದು, “ನಾಳೆ ನನ್ನ ಮಾಗ ಮೊದಲ ನಿಲ್ಲಸ್ರಿ, ನಾನೂ ಕೇಳತೇನಿ” ಅಂದ.

ಹೋದ ವಾರ ಕೊನೆಯ ಮಾಗವೂ ನಿಂತಿತು. ಸೂಜಿ ಬಿದ್ದರೆ ಕೇಳುವಷ್ಟು ಶಾಂತ. ರತ್ನಾ ಕಣ್ಣು ತೆರೆದು ಸುತ್ತ ನೋಡಿದಳು. ಎಲ್ಲರೂ ಕೈ ಕಟ್ಟಿ ನಿಂತಿದ್ದೆವು. ಅವಳು ಓಡಲಿಲ್ಲ, ಹಾಡು ಮುಗಿಸಿದಳು. ಮುಗಿಸಿ ಗಳಗಳ ಅತ್ತಳು. ಅತ್ತಾದ ಮೇಲೆ ಎರಡು ರೊಟ್ಟಿ ಹೆಚ್ಚು ಉಂಡಳು.

ಸಂಕ್ರಾಂತಿಯಾದ ಮೇಲೆ ಕೊಲ್ಹಾಪುರದಲ್ಲಿ ಹೆಣ್ಣುಮಕ್ಕಳ ಮಂಡಳಿಯ ದೊಡ್ಡ ಅರಿಶಿನ-ಕುಂಕುಮ ಇದೆ. ಅಲ್ಲಿ ರತ್ನಾ ಹಾಡಲಿ ಎಂದು ಮುಕ್ತಾಬಾಯಿ ಹೆಸರು ಕೊಟ್ಟಿದ್ದಾರೆ. ಬರೀ ಹೆಂಗಸರ ಸಭೆ. ನೀವೂ ಬನ್ನಿ.

ಹೀರಾಬಾಯಿ


ಗಡಹಿಂಗ್ಲಜ
೧೮ ನವೆಂಬರ್ ೧೯೩೭

ಬೀಗತಿ ಹೀರಾಬಾಯಿಯವರಿಗೆ ಜಯಜಿನೇಂದ್ರ.

ಸಿಹಿ ಸುದ್ದಿಗೆ ನಿಮ್ಮ ಬಾಯಲ್ಲಿ ಸಕ್ಕರೆ ಬೀಳಲಿ. ಇಡೀ ಓಣಿಗೆ ಹಂಚಿದೆ. ನಮ್ಮ ಮನೆಯವರು ಮೊಣಕಾಲು ಮರೆತು ಬಸದಿಯ ಮೆಟ್ಟಿಲು ಹತ್ತಿದರು.

ಆದರೆ ಬೀಗತಿ, ಬಸುರಿ ಹೆಂಗಸು ಹೊಟ್ಟೆ ಮುಂದಿಟ್ಟುಕೊಂಡು ಸಭೆಯಲ್ಲಿ ಹಾಡುವುದೇ? ನೂರು ಮಂದಿಯ ದೃಷ್ಟಿ, ಉಸಿರು ಬಿಗಿಹಿಡಿಯುವ ಕಷ್ಟ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಚೊಚ್ಚಲ ಹೆರಿಗೆ ತವರಿನದು. ಈ ಕಟ್ಟಳೆಯನ್ನು ನಾನು ಮಾಡಿದ್ದಲ್ಲ, ನಿಮ್ಮ ಅವ್ವನೂ ನಿಮ್ಮನ್ನು ಹೀಗೆಯೇ ಕರೆದೊಯ್ದಿರಬೇಕು. ಏಳನೆಯ ತಿಂಗಳಲ್ಲಿ ನಿಮ್ಮ ಅಂಗಳಕ್ಕೆ ಬಂದು ಕುಬಸ ಮಾಡಿ, ಉಡಿ ತುಂಬಿ, ಮಗಳನ್ನು ಕರೆದುಕೊಂಡು ಬರುತ್ತೇನೆ. ನಿಮ್ಮ ಅರಿಶಿನ-ಕುಂಕುಮ ಅದರ ಹಿಂದೆ ಬಿದ್ದರೆ ನಾನೇನು ಮಾಡಲಿ?

ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಮನೆಯಲ್ಲೂ ಹಾಡಲಿ, ನಾನೂ ಕೇಳುತ್ತೇನೆ. ನನಗೇನು ಕಿವಿ ಇಲ್ಲವೇ?

ಸೋನಾಬಾಯಿ


ಇಚಲಕರಂಜಿ
೨೪ ಜನವರಿ ೧೯೩೮

ಬೀಗತಿಗೆ ಜಯಜಿನೇಂದ್ರ.

ಕುಬಸ ಚಂದವಾಗಿ ಆಯಿತು. ನೀವು ತಂದ ಹಸಿರು ಇಳಕಲ್ಲ ಸೀರೆಯನ್ನು ಎಲ್ಲರೂ ಮೆಚ್ಚಿದರು. ನಿಮ್ಮ ಹಾಡನ್ನೂ ಮೆಚ್ಚಿದರು. ಇಲ್ಲ ಅನ್ನುವವಳಲ್ಲ ನಾನು, ಎರಡು ಓಣಿಯ ಆಚೆ ಕೇಳಿಸುತ್ತಿತ್ತು.

ಆದರೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಓಣಿಯ ಹೆಂಗಸರು, “ಈಗ ತಾಯಿ-ಮಗಳು ಕೂಡಿ ಒಂದ ಹೇಳ್ರಿ” ಅಂದರಲ್ಲ, ಆಗ ರತ್ನಾ ಬಾಯಿ ತೆರೆದಳು. ನೀವು ನೋಡಲಿಲ್ಲ, ನಾನು ನೋಡಿದೆ. ಅವಳು ಉಸಿರು ತೆಗೆದುಕೊಳ್ಳುವುದರೊಳಗೆ ನೀವು ಎರಡನೆಯ ಸಾಲಿಗೆ ಹೋಗಿಬಿಟ್ಟಿರಿ. ಹುಡುಗಿ ಬಾಯಿ ಮುಚ್ಚಿ ಚಪ್ಪಾಳೆ ಹೊಡೆಯತೊಡಗಿದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬಾಣಂತನ ನಿಮ್ಮ ಹಕ್ಕು, ನಾನು ಅಡ್ಡ ಬರಲಿಲ್ಲ, ಬರುವುದಿಲ್ಲ. ಅವಳನ್ನು ಜೋಕೆಯಿಂದ ನೋಡಿಕೊಳ್ಳಿ.

ಹೀರಾಬಾಯಿ


ಗಡಹಿಂಗ್ಲಜ
೭ ಫೆಬ್ರುವರಿ ೧೯೩೮

ಅತ್ತೆಯವರಿಗೆ ರತ್ನಮಾಲಾಳ ನಮಸ್ಕಾರಗಳು.

ಅವ್ವ ನನ್ನನ್ನು ನೆಲಕ್ಕೆ ಕಾಲು ಊರಗೊಡುವುದಿಲ್ಲ. ತುಪ್ಪ, ಅಂಟಿನುಂಡೆ, ಹೊತ್ತು ಮುಳುಗುವ ಮುಂಚೆ ಬಿಸಿ ಊಟ. ಪಾದಕ್ಕೆ ತಾನೇ ಕುಳಿತು ಎಣ್ಣೆ ತಿಕ್ಕುತ್ತಾಳೆ. ತಿಕ್ಕುತ್ತ ತಿಕ್ಕುತ್ತ, “ಹಾಡವ್ವ. ಬೀಗರ ಮನ್ಯಾಗ ನೇಕಾರರ ಮುಂದ ಹಾಡತಿ, ನನ್ನ ಮುಂದ ಏನ್ ಆಗತೈತಿ ನಿನಗ?” ಅನ್ನುತ್ತಾಳೆ. ನಾನು ಕಣ್ಣು ಮುಚ್ಚುತ್ತೇನೆ, ಹೊಟ್ಟೆಯಿಂದ ಉಸಿರು ಎತ್ತುತ್ತೇನೆ. ಅದು ಗಂಟಲಿನ ತನಕ ಬಂದು ನಿಲ್ಲುತ್ತದೆ. ಅವ್ವ ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ, “ಹೀಂಗ ಅಲ್ಲ, ಹೀಂಗ ಹೇಳಬೇಕ” ಎಂದು ತಾನೇ ಹಾಡಿಬಿಡುತ್ತಾಳೆ. ಅವಳ ದನಿ ಈಗಲೂ ಅಷ್ಟು ಚೆನ್ನಾಗಿದೆ ಅತ್ತೀ. ಅದು ಎದ್ದ ಮೇಲೆ ನನ್ನದಕ್ಕೆ ಕೋಣೆಯಲ್ಲಿ ಜಾಗ ಇರುವುದಿಲ್ಲ.

ಅವ್ವ ಕೆಟ್ಟವಳಲ್ಲ. ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲ.

ನಿನ್ನೆ ಕೊಲ್ಹಾಪುರದ ಅರಿಶಿನ-ಕುಂಕುಮ ಆಗಿರಬೇಕು. ನನ್ನ ಬದಲು ಯಾರು ಹಾಡಿದರು ಎಂದು ಬರೆಯಬೇಡಿ. ತಿಳಿದರೆ ನನಗೂ ಹೊಟ್ಟೆ ಉರಿದೀತು. ನಾನೂ ಅವ್ವನ ಮಗಳೇ ಅಲ್ಲವೇ?

ನಿಮ್ಮ
ರತ್ನಾ


ಗಡಹಿಂಗ್ಲಜ
೧೪ ಏಪ್ರಿಲ್ ೧೯೩೮

ಬೀಗತಿಗೆ ಜಯಜಿನೇಂದ್ರ.

ತೊಟ್ಟಿಲಿಗೆ ಬಂದು ಹೋದಿರಿ, ಕೂಸನ್ನು ಎತ್ತಿಕೊಂಡು, “ಮೂಗ ನಮ್ಮ ಕಡೇದು” ಎಂದು ಅದನ್ನೂ ನಿಮ್ಮದೇ ಮಾಡಿಕೊಂಡಿರಿ. ಇರಲಿ, ನನ್ನ ಮೊಮ್ಮಗಳಿಗೆ ಕಿವಿ ನನ್ನವೇ ಬಂದಿವೆ. ಇವತ್ತು ಬರೆಯುವುದು ಬೇರೆ.

ಮೊನ್ನೆ ಮಧ್ಯಾಹ್ನ ಬಸದಿಗೆ ಹೊರಟೆ. ಅರ್ಧ ದಾರಿಯಲ್ಲಿ ನೆನಪಾಯಿತು, ಕಾಯಿ ಮರೆತಿದ್ದೆ. ಹಿಂದಿರುಗಿದೆ. ನಮ್ಮ ಓಣಿಯ ತಿರುವಿನಲ್ಲಿ ಕಾಲು ನಿಂತವು. ಯಾರೋ ಹಾಡುತ್ತಿದ್ದರು. ಯಾರ ಮನೆಗೆ ಹಾಡುಗಾರ್ತಿ ಬಂದಳಪ್ಪ, ನನಗೆ ತಿಳಿಯದೆ, ಎಂದು ಮೊದಲು ಮೈ ಉರಿಯಿತು. ಅದು ನಾನು ಹೇಳುವ ಜೋಗುಳವೇ. ಆದರೆ ನಾನು ಅಬ್ಬರಿಸುವಲ್ಲಿ ಇವಳು ಇಳಿಯುತ್ತಿದ್ದಳು. ನಾನು ಉಸಿರು ಮುಗಿದು ಬಿಡುವಲ್ಲಿ ಇವಳು ಇನ್ನೂ ಹಿಡಿದಿದ್ದಳು. ಆ ದನಿ ನಮ್ಮ ಮನೆಯಿಂದಲೇ ಬರುತ್ತಿತ್ತು.

ಬಾ ಎಂದು ಯಾರೋ ಎಳೆದ ಹಾಗೆ ಹೋದೆ. ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ, ಬಾಗಿಲ ಸಪ್ಪಳ ಅವಳಿಗೆ ಕೇಳಿಸಲಿಲ್ಲ. ಹೊಸ್ತಿಲ ಮೇಲೆ ನನ್ನ ನೆರಳು ಬಿತ್ತು. ನೋಡಿದಳು. ಹಾಡು ಅಲ್ಲೇ ನಿಂತಿತು. ಕೂಸು ಕಿಟಾರನೆ ಕಿರುಚಿತು. ರತ್ನಾ, “ಯಾಕವ್ವಾ, ಕಾಯಿ ಮರ್ತೇನ?” ಎಂದು ಕೇಳಿದಳು. ಹೌದು ಅಂದೆ. ಕಾಯಿ ತೆಗೆದುಕೊಂಡು ಬಸದಿಗೆ ಹೋದೆ. ಅಭಿಷೇಕದ ಹಾಡಿನಲ್ಲಿ ಆವತ್ತು ಮೊದಲ ಸಲ ಸಾಲು ಮರೆತೆ.

ಬೀಗತಿ, ನಿಮಗೆ ಹಾಡಿದಳು. ಜೋತಿಬಾನಿಗೆ ಹಾಡಿದಳು. ಮಾತೂ ಬಾರದ ಕೂಸಿಗೆ ಹಾಡಿದಳು. ನಾನು ಒಳಗೆ ಕಾಲಿಟ್ಟರೆ ಮಾತ್ರ ನಿಲ್ಲುತ್ತದೆ. ನಿಮ್ಮನ್ನು ನೆನೆದರೆ ನನ್ನ ಮೈ ಕಾದ ಹಂಚಿನಂತಾಗುತ್ತದೆ. ಏನು ಪುಣ್ಯ ಮಾಡಿದ್ದಿರಿ ನೀವು?

ಸೋನಾಬಾಯಿ


ಗಡಹಿಂಗ್ಲಜ
೨೬ ಮೇ ೧೯೩೮

ಬೀಗತಿಗೆ ಜಯಜಿನೇಂದ್ರ.

ಜ್ಯೇಷ್ಠ ಹುಣ್ಣಿಮೆ ಕಳೆದ ಮೇಲೆ ತಾಯಿ-ಕೂಸನ್ನು ಕಳಿಸುತ್ತೇನೆ. ಜಿನದತ್ತ ಮೋಟಾರಿಗೆ ಬರಲಿ. ಜೊತೆಗೆ ಒಂದು ದೊಡ್ಡ ಡಬ್ಬಿ ಖಾರಪುಡಿ ಕಳಿಸುತ್ತೇನೆ. ಇಷ್ಟು ಖಾರ ಯಾಕೆ ಎಂದು ಕೇಳುತ್ತೀರಿ. ಕೇಳಿ.

ನಿಮ್ಮ ಮಾಗದ ಕಥೆ ನನಗೆ ನೆನಪಿತ್ತು. ಬೀಗರ ಯುಕ್ತಿ ಬೀಗರ ಸ್ವತ್ತೇನು? ನಮ್ಮ ಹಿತ್ತಿಲಲ್ಲಿ ಒರಳಿದೆ, ನನ್ನ ರಟ್ಟೆಯಲ್ಲಿ ಕಸುವಿದೆ. ಸಂಕೇಶ್ವರದ ಮೆಣಸಿನಕಾಯಿ ತರಿಸಿ ದಿನಾ ಮಧ್ಯಾಹ್ನ ಧಬಧಬ ಕುಟ್ಟಲು ಕುಳಿತೆ. ಎರಡನೆಯ ದಿನವೇ ಒಳಗಿನಿಂದ ಹಾಡು ಎದ್ದಿತು. ಘಾಟಿಗೆ ಕೂಸು ಸೀನತೊಡಗಿತು, ಅದಕ್ಕೆ ಅರಿಶಿನಕ್ಕೆ ಹೊರಳಿದೆ. ಅರಿಶಿನ ಮುಗಿದ ಮೇಲೆ ಜೋಳದ ಹೊಟ್ಟು ಹಾಕಿ ಕುಟ್ಟಿದೆ. ಮಗ್ಗುಲ ಮನೆಯ ಚೆನ್ನವ್ವ ಗೋಡೆಯ ಮೇಲಿಂದ ಇಣುಕಿ, “ಸೋನಕ್ಕಾ, ಯಾರ ಲಗ್ನ ತಗದೀರಿ? ಹೇಳಲೇ ಇಲ್ಲಲ್ಲ!” ಅಂದಳು. “ನಿಂದ” ಅಂದೆ. ಗಂಡನುಳ್ಳ ಹೆಂಗಸು, ಒಂದು ವಾರ ಮಾತು ಬಿಟ್ಟಳು.

ಕುಟ್ಟುವಾಗ ನನಗೇನೂ ಕೇಳಿಸುತ್ತಿರಲಿಲ್ಲ. ಒನಕೆ ಎತ್ತಿದಾಗ ಒಂದು ತುಣುಕು, ಇಳಿಸಿದಾಗ ಇಲ್ಲ. ತುಣುಕು ತುಣುಕಾಗಿ ಕೇಳಿದೆ ನನ್ನ ಮಗಳನ್ನು. ನೀವು ಮಾಗ ನಿಲ್ಲಿಸಿದ ಹಾಗೆ ನಾನೂ ಒಂದು ದಿನ ಮೆಲ್ಲಗೆ ಕುಟ್ಟಿದೆ. ಹಾಡು ನಡೆದಿತ್ತು. ಮರುದಿನ ಇನ್ನೂ ಮೆಲ್ಲಗೆ. ನಡೆದಿತ್ತು. ನಿನ್ನೆ ಒನಕೆಯನ್ನು ಗೋಡೆಗೆ ಆನಿಸಿ ಉಸಿರು ಹಿಡಿದು ನಿಂತೆ.

ನಿಂತಿತು. ಬತ್ತಿ ಆರಿದ ಹಾಗೆ.

ನಿಮ್ಮ ಮಾಗ ನಿಂತಾಗ ಹಾಡು ಮುಗಿಸಿದಳಲ್ಲ ಬೀಗತಿ, ನನ್ನ ಒನಕೆ ನಿಂತರೆ ಯಾಕೆ ನಿಲ್ಲಿಸಿದಳು? ನೀವು ಬುದ್ಧಿವಂತರು, ನೀವೇ ಹೇಳಿ. ಬೇಡ, ಹೇಳಬೇಡಿ. ನಿಮ್ಮ ಬಾಯಿಂದ ಅದನ್ನು ಕೇಳಲಾರೆ.

ಸೋನಾಬಾಯಿ


ಇಚಲಕರಂಜಿ
೧೧ ಮಾರ್ಚ್ ೧೯೩೯

ತೀರ್ಥರೂಪ ಅವ್ವನಿಗೆ ನಮಸ್ಕಾರಗಳು.

ಕೂಸು ಗೋಡೆ ಹಿಡಿದು ನಿಲ್ಲುತ್ತಾಳೆ. ಮುಕ್ತಾಬಾಯಿಯ ಹತ್ತಿರ ಮತ್ತೆ ಹೋಗುತ್ತಿದ್ದೇನೆ. ಈಗ ಬಾಯಿ ತೆರೆ ಎಂದು ಅವರು ಹೇಳಬೇಕಾಗಿಲ್ಲ. ಹೋದ ತಿಂಗಳು ಅವರ ಮನೆಯಲ್ಲಿ ಭೂಪ ರಾಗವನ್ನು ಒಬ್ಬಳೇ ಕುಳಿತು ಹಾಡಿದೆ. ಮೇಲಿನ ‘ಸಾ’ ಮುಟ್ಟಿ ಅಲ್ಲೇ ನಿಂತೆ, ಕೆಳಗೆ ಬೀಳಲಿಲ್ಲ. ಇಳಿದ ಮೇಲೆ ನನಗೇ ನಗು ಬಂತು.

ಬರುವ ಮಹಾವೀರ ಜಯಂತಿಗೆ ಕೊಲ್ಹಾಪುರದ ಮಂಡಳಿಯಲ್ಲಿ ನಾನು ಹಾಡುತ್ತೇನೆ. ಅತ್ತೆಯವರು ನಿನಗೆ ಆಮಂತ್ರಣ ಬರೆಯಲು ಕುಳಿತಿದ್ದರು. ನಾನು ಬರೆಯುತ್ತೇನೆಂದು ಕಾಗದ ಕಸಿದುಕೊಂಡೆ.

ಅವ್ವಾ, ನೀನು ಹಿತ್ತಿಲಲ್ಲಿ ಕುಟ್ಟುತ್ತಿದ್ದದ್ದು ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಹಾಡಿದೆ. ನಿನ್ನ ಹತ್ತಿರ ಅಷ್ಟೇ ನನ್ನಿಂದ ಆಯಿತು. ಒನಕೆ ನಿಂತಾಗ, ಈಗ ನಿನಗೆ ಎಲ್ಲ ಕೇಳಿಸುತ್ತದೆ ಎಂದು ಅನ್ನಿಸಿದ್ದೇ, “ಹೀಂಗ ಅಲ್ಲ, ಹೀಂಗ” ಎಂಬ ನಿನ್ನ ಮಾತು ಕಿವಿಯಲ್ಲಿ ಬಂತು. ನೀನು ಅಂದಿರಲಿಲ್ಲ, ಆದರೂ ಬಂತು. ಎರಡು ವರ್ಷದ ಹಿಂದೆ ನೀನು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಅದಕ್ಕೆ ಕೈಮುಗಿದು ಕೇಳುತ್ತೇನೆ. ಈ ಸಲ ಬರಬೇಡ. ನಿನ್ನ ಮುಖ ಕಂಡರೆ ನನ್ನ ಹಾಡು ನಿಲ್ಲುತ್ತದೆ. ಸಭೆಯಲ್ಲಿ ಅದು ನಿಂತರೆ ಮತ್ತೆ ಎಂದೂ ಬಾಯಿ ತೆರೆಯಲಾರೆ. ನನಗೆ ನನ್ನನ್ನು ಗೊತ್ತು. ಇದನ್ನು ಬರೆಯುವುದು ಹಾಡುವುದಕ್ಕಿಂತ ಕಷ್ಟವಾಯಿತು.

ಸಿಟ್ಟಾದರೆ ಬೈದು ಬರೆ. ಬರೆಯದೆ ಇರಬೇಡ.

ರತ್ನಾ


ಗಡಹಿಂಗ್ಲಜ
೫ ಏಪ್ರಿಲ್ ೧೯೩೯

ಚಿ. ಸೌ. ರತ್ನಾಳಿಗೆ ಅವ್ವನ ಆಶೀರ್ವಾದ.

ಬರಬೇಡ ಅಂದೆ. ಬಂದೆ. ನೀನು ನೋಡಿದ್ದೀ, ಇನ್ನು ಮುಚ್ಚಿಡುವುದೇನು?

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಬೇಕೆಂದು ಎರಡು ಸಲ ಕೈ ಹೋಯಿತು. ಬೈದು ಬರೆಯೋಣವೆಂದು ಕುಳಿತರೆ ಬೈಗುಳವೂ ಹುಟ್ಟಲಿಲ್ಲ. ನಿನ್ನ ಅಪ್ಪನಿಗೆ ಕೊಲ್ಹಾಪುರದ ಬಸದಿಗೆ ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ಮೊದಲನೆಯ ಮೋಟಾರು ಹಿಡಿದೆ. ಕಂಬದ ಹಿಂದೆ ಕುಳಿತು ಕೇಳಿ, ಯಾರ ಕಣ್ಣಿಗೂ ಬೀಳದೆ ತಿರುಗಿ ಬರುವವಳಿದ್ದೆ. ಜಿನೇಂದ್ರನ ಸಾಕ್ಷಿಯಾಗಿ ಅಷ್ಟೇ ಮನಸ್ಸಿನಲ್ಲಿತ್ತು.

ಬಾಗಿಲಿನಿಂದಲೇ ನಿನ್ನ ಅತ್ತೆ ಕಂಡರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಸ ಪೈಠಣಿ ಉಟ್ಟು, ವೇದಿಕೆಯ ಮಗ್ಗುಲಲ್ಲಿ ತಾನೇ ಹೆತ್ತವಳ ಹಾಗೆ ಕುಳಿತಿದ್ದರು. ಬಂದವರೆಲ್ಲ ಅವರ ಕೈ ಹಿಡಿದು, “ಭಾಗ್ಯ ಮಾಡೀರಿ ಹೀರಾಬಾಯಿ” ಅನ್ನುತ್ತಿದ್ದರು. ನನಗೆ ಉರಿಯಿತು. ಬರೆಯುತ್ತಿರುವಾಗಲೂ ಉರಿಯುತ್ತಿದೆ. ಅದು ನನ್ನ ಚಿತೆಯ ಜೊತೆಗೇ ಆರಬೇಕು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕಂಬದ ಹಿಂದೆ ಕುಳಿತಿದ್ದೆ. ನೀನು ಹಾಡು ಹಿಡಿದಿದ್ದೆ. ಆಗ ಮಂಡಳಿಯ ಒಬ್ಬ ಹೆಂಗಸು ಬಂದು, “ಅಯ್ಯ, ಹಿರ್ಯಾರು ಹಿಂದ ಕುಂತೀರಲ್ಲ, ಬರ್ರಿ ಬರ್ರಿ” ಎಂದು ರಟ್ಟೆ ಹಿಡಿದು ಎಬ್ಬಿಸಿದಳು. ಬೇಡ ಬೇಡ ಅಂದರೆ ಸಂಕೋಚ ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದಳು. ಕೊಸರಾಡಿದರೆ ನಿನ್ನ ಹಾಡು ಕೆಡುತ್ತದೆ. ಸುಮ್ಮನೆ ನಡೆದೆ. ನಿನ್ನ ಮೂಗಿನ ಮುಂದೆ ತಂದು ಕೂಡಿಸಿದಳು ಪುಣ್ಯಾತ್ಗಿತ್ತಿ.

ನಿನ್ನ ಕಣ್ಣು ಮುಚ್ಚಿದ್ದವು. ತೆರೆಯದಿರಲಿ ಎಂದು ಎಲ್ಲ ತೀರ್ಥಂಕರರನ್ನೂ ನೆನೆದೆ. ನೀನು ತೆರೆದೆ.

ಸಾಲಿನ ನಡುವೆ ದನಿ ನಿಂತಿತು. ತಂಬೂರಿ ಒಂದೇ ನುಡಿಯುತ್ತಿತ್ತು. ನಿನ್ನ ಅತ್ತೆ ಕೂಸನ್ನು ಗಟ್ಟಿಯಾಗಿ ಅಪ್ಪಿಕೊಂಡು ನನ್ನ ಕಡೆ ನೋಡಿದರು, ನುಂಗುವ ಹಾಗೆ. ರತ್ನಾ, ನಿನ್ನ ಮುಂದೆ ಸುಳ್ಳಾಡಲಾರೆ. ಆ ಗಳಿಗೆಯಲ್ಲಿ ನನ್ನ ಹೊಟ್ಟೆಯ ಯಾವುದೋ ಮೂಲೆ, ನಿಲ್ಲಲಿ, ಅಂದಿತು. ನಿಂತರೆ ನಾನು ಎತ್ತಿಕೊಡಬಹುದಿತ್ತು. ನೀನು ಹಾಡುತ್ತಿದ್ದದ್ದು ನಮ್ಮ ಬಸದಿಯ ಅಭಿಷೇಕದ ಹಾಡು, ಮುಂದಿನ ಸಾಲು ನನ್ನ ನಾಲಗೆಯ ಮೇಲೇ ಇತ್ತು. ನನಗೆ ಗೊತ್ತಿಲ್ಲದೆಯೇ ಬಾಯಿ ತೆರೆದಿದ್ದೆ.

ನೀನು ನನ್ನ ತೆರೆದ ಬಾಯಿಯನ್ನು ನೋಡಿದೆ. ನೋಡುತ್ತಲೇ ಉಸಿರು ತುಂಬಿಕೊಂಡೆ. ನಾನು ಶುರು ಮಾಡುವ ಮೊದಲೇ ಆ ಸಾಲನ್ನು ನೀನೇ ಎತ್ತಿಕೊಂಡು, ನಾನು ಎಂದೂ ಒಯ್ಯದ ಎತ್ತರಕ್ಕೆ ಒಯ್ದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ. ನನ್ನ ಮುಖ ನೋಡುತ್ತಲೇ ಹಾಡಿದೆ, ಕೊನೆಯ ತನಕ.

ನಾನು ಬಾಯಿ ಮುಚ್ಚಿಕೊಂಡೆ.

ಮಗ್ಗುಲಿನಲ್ಲಿ ಕುಳಿತ ಹೆಂಗಸು ನನ್ನ ತುಟಿ ಆಡಿದ್ದನ್ನು ಕಂಡಿರಬೇಕು. ಹಾಡು ಮುಗಿದ ಮೇಲೆ ನನ್ನ ಕಡೆ ಬಾಗಿ, “ನೀವೂ ಹಾಡತೀರೇನ್ರಿ?” ಎಂದು ಕೇಳಿದಳು.

“ಇಲ್ಲವ್ವ,” ಅಂದೆ, “ನಾ ಕೇಳಾಕ ಬಂದಾಕಿ.”

ಅವ್ವ